ಮನೆಮಂದಿಯೆಲ್ಲ ಪಿಜ್ಜಾ ಹೋಟೆಲಿಗೆ: ಎಷ್ಟು ಹೇಳಬೇಕು, ಏನು ಕೇಳಬೇಕು

ಶಿವಮೊಗ್ಗದವರಿಗೆ ಪಿಜ್ಜಾ ಈಗ ಹೊಸದೇನೂ ಅಲ್ಲ. ದೊಡ್ಡ ಕಂಪನಿಯ ಅಂಗಡಿಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ತಿಂದಿರುತ್ತೇವೆ, ಮನೆಗೆ ತರಿಸಿರುತ್ತೇವೆ. ಅಲ್ಲಿ ಗೊಂದಲವಿಲ್ಲ. ಗೋಡೆಯ ಮೇಲೆ ಚಿತ್ರ ಇರುತ್ತದೆ, ಬೆರಳು ತೋರಿಸಿದರೆ ಮುಗಿಯಿತು. ಕಷ್ಟ ಶುರುವಾಗೋದು ಬಡಾವಣೆಯೊಳಗಿನ ಚಿಕ್ಕ ಇಟಾಲಿಯನ್ ಹೋಟೆಲಿನಲ್ಲಿ. ಏಳೆಂಟು ಮೇಜು, ಒಳಗೆ ಒಂದು ಒಲೆ, ಚಿತ್ರವೇ ಇಲ್ಲದ ಮೆನು.

ಆ ಹೋಟೆಲಿಗೆ ಹೋಗುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನಾಲ್ಕು ಜನಕ್ಕೆ ಎಷ್ಟು ಹೇಳಬೇಕು? ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಅವರಿಗೆ ಏನು ಹೇಳಲಿ? ಮೆನುವಿನಲ್ಲಿ ಇರೋದು ಅರ್ಥವಾಗದೆ ಕೇಳಿದರೆ ನಗುತ್ತಾರಾ? ಪ್ರತಿ ಸಲ ಒಬ್ಬೊಬ್ಬರಿಗೆ ಉತ್ತರ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಪಿಜ್ಜಾವನ್ನು ರೊಟ್ಟಿ ಅಂತಲೇ ತಿಳಿಯಿರಿ. ಮನೆಯಲ್ಲಿ ಅಕ್ಕಿ ರೊಟ್ಟಿ ಮಾಡಿದ ದಿನ ಹತ್ತೂ ರೊಟ್ಟಿಯನ್ನು ಒಮ್ಮೆಗೇ ಬಡಿಸಿಕೊಂಡು ಕೂರುತ್ತೇವಾ? ಇಲ್ಲ ಅಲ್ವಾ. ಒಂದು ಕಾವಲಿಯಿಂದ ಬರುತ್ತದೆ, ಹಂಚಿಕೊಂಡು ತಿನ್ನುತ್ತೇವೆ, ಅಷ್ಟರಲ್ಲಿ ಇನ್ನೊಂದು ಕೆಂಡದ ಮೇಲೆ ಉಬ್ಬಿರುತ್ತದೆ. ಪಿಜ್ಜಾದ ಊಟವೂ ಹಾಗೇ ನಡೆದರೆ ರುಚಿಯೂ ಸಿಗುತ್ತದೆ, ದುಡ್ಡೂ ಉಳಿಯುತ್ತದೆ. ಮುಂದಿನ ಹಂತಗಳಲ್ಲಿ ಜಾಸ್ತಿ ಪಾಲು ಇದರಿಂದಲೇ ಬಂದದ್ದು.

1. ಹೊರಡುವ ಮುಂಚೆ ಒಂದು ಫೋನ್

ಚಿಕ್ಕ ಹೋಟೆಲಿಗೆ ಫೋನ್ ಮಾಡದೆ ಹೋಗಬೇಡಿ. ಮೂರು ವಿಷಯ ಕೇಳಿ.

ಮೊದಲನೆಯದು, ಒಲೆ ಯಾವುದು, ಎಷ್ಟು ಹೊತ್ತಿಗೆ ಕಾದಿರುತ್ತದೆ. ಸೌದೆ ಒಲೆಯಾದರೆ ಅದು ಸರಿಯಾಗಿ ಕಾಯಲು ಒಂದೂವರೆ ಎರಡು ಗಂಟೆ ಬೇಕು. ಸಂಜೆ ಬಾಗಿಲು ತೆರೆದ ಕೂಡಲೇ ಹೋಗಿ ಕೂತರೆ ಅರೆಕಾದ ಒಲೆಯ ಪಿಜ್ಜಾ ನಿಮ್ಮ ಪಾಲಿಗೆ. ಇಟಲಿಯ ನೇಪಲ್ಸ್ ಊರಿನ ಪದ್ಧತಿಯಲ್ಲಿ ಒಲೆ 430ರಿಂದ 480 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಆಚೆ ಬರಬೇಕು. ನಮ್ಮ ಕಡೆಯ ಗ್ಯಾಸ್ ಅಥವಾ ಕರೆಂಟಿನ ಒಲೆ ಅಷ್ಟು ಕಾಯುವುದು ಅಪರೂಪ. ಅಲ್ಲಿ ಏಳೆಂಟು ನಿಮಿಷ, ಕೆಲವು ಸಲ ಇನ್ನೂ ಹೆಚ್ಚು ಹಿಡಿಯುತ್ತದೆ. ಎರಡರಲ್ಲೂ ಒಳ್ಳೆ ಪಿಜ್ಜಾ ಆಗುತ್ತದೆ. ಎಷ್ಟು ಕಾಯಬೇಕು ಅಂತ ಮೊದಲೇ ಗೊತ್ತಿದ್ದರೆ ಮಕ್ಕಳನ್ನು ಸಮಾಧಾನ ಮಾಡುವುದು ಸುಲಭ, ಅಷ್ಟೆ.

ಎರಡನೆಯದು ಮಳೆಗಾಲಕ್ಕೆ ಮಾತ್ರ: ಕರೆಂಟ್ ಇದೆಯಾ? ನಗುವ ಪ್ರಶ್ನೆ ಅಲ್ಲ ಇದು. ಕರೆಂಟಿನ ಒಲೆ ಅರ್ಧ ಗಂಟೆ ಆರಿದರೆ ಮತ್ತೆ ಕಾಯಲು ಹೊತ್ತು ಬೇಕು. ಜನರೇಟರ್‌ನಲ್ಲಿ ಲೈಟು, ಫ್ಯಾನು ಓಡುತ್ತವೆ. ಅದರಲ್ಲಿ ಒಲೆಯನ್ನೂ ಓಡಿಸುವವರು ಕಡಿಮೆ. ಆಷಾಢದ ಮಳೆಯಲ್ಲಿ ನೆನೆದುಕೊಂಡು ಹೋಗಿ ಗಾರ್ಲಿಕ್ ಬ್ರೆಡ್ಡೂ ಇಲ್ಲ ಅಂತ ಕೇಳಿಸಿಕೊಂಡು ಬಂದವರಿದ್ದಾರೆ.

ಮೂರನೆಯದು, ಹಿಟ್ಟು ಎಷ್ಟು ಹೊತ್ತಿನ ತನಕ ಇರುತ್ತದೆ. ಒಳ್ಳೆ ಹೋಟೆಲಿನವರು ಹಿಟ್ಟನ್ನು ಹಿಂದಿನ ದಿನವೇ ಕಲಸಿ, ಉಂಡೆ ಕಟ್ಟಿ, ತಂಪಿನಲ್ಲಿ ಹುಳಿ ಬರಿಸುತ್ತಾರೆ. ದೋಸೆ ಹಿಟ್ಟಿನ ಹಾಗೇ. ಉಂಡೆ ಖಾಲಿಯಾದರೆ ಖಾಲಿ, ಅವತ್ತೇ ಕಲಸಿ ಅವತ್ತೇ ಮಾಡಿಕೊಡಲು ಆಗುವುದಿಲ್ಲ. ಹಾಗಾಗಿ ಭಾನುವಾರ ರಾತ್ರಿ ಒಂಬತ್ತೂವರೆಗೆ ಹೋಗಿ ಜಗಳ ಮಾಡಬೇಡಿ. ವಾರದ ನಡುವಿನ ದಿನ ಏಳು ಗಂಟೆ ಸುಮಾರಿಗೆ ಹೋಗುವುದು ನನ್ನ ಪ್ರಕಾರ ಒಳ್ಳೆಯದು. ಒಲೆ ಕಾದಿರುತ್ತದೆ, ಜನ ತುಂಬಿರುವುದಿಲ್ಲ, ಸಪ್ಲೈಯರ್‌ಗೆ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳಲು ಪುರುಸೊತ್ತು ಇರುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬಂದವರು ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು, ಅದಕ್ಕಿಂತ ಎರಡು ಗಂಟೆ ಮುಂಚೆ ಕೂತುಕೊಳ್ಳಿ.

2. ಇಂಚಿನ ಲೆಕ್ಕ

ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಮೆನುವಿನಲ್ಲಿ 7 ಇಂಚು, 10 ಇಂಚು, 12 ಇಂಚು ಅಂತ ಬರೆದಿರುತ್ತದೆ. ಅದು ಪಿಜ್ಜಾದ ಅಡ್ಡಳತೆ, ಅಂದರೆ ಒಂದು ಅಂಚಿನಿಂದ ನಡು ಹಾದು ಎದುರಿನ ಅಂಚಿನ ತನಕ. 7ಕ್ಕೂ 10ಕ್ಕೂ ಬರೀ ಮೂರು ಇಂಚು ವ್ಯತ್ಯಾಸ, ಅದಕ್ಕೆ ಇಷ್ಟು ದುಡ್ಡಾ ಅನಿಸುತ್ತದೆ. ಆದರೆ ನಾವು ತಿನ್ನುವುದು ಅಡ್ಡಳತೆಯನ್ನಲ್ಲ, ಇಡೀ ರೊಟ್ಟಿಯನ್ನು.

ಸುಲಭದ ಉಪಾಯ ಒಂದಿದೆ. ಇಂಚನ್ನು ಅದೇ ಇಂಚಿನಿಂದ ಗುಣಿಸಿ. 7 ಇಂಚಿನದು 49. 10 ಇಂಚಿನದು 100. 12 ಇಂಚಿನದು 144. ಅಂದರೆ 7 ಇಂಚಿನ ಎರಡು ಪಿಜ್ಜಾ ಸೇರಿಸಿದರೂ 98, ಹತ್ತಿಂಚಿನ ಒಂದಕ್ಕೆ ಸಮ ಬರುವುದಿಲ್ಲ. 8 ಇಂಚಿನ ಎರಡು ತಂದರೆ 128. ಅದಕ್ಕಿಂತ 12 ಇಂಚಿನ ಒಂದೇ ದೊಡ್ಡದು. ಮೆನುವಿನಲ್ಲಿ 7 ಇಂಚಿಗೆ 180 ರೂಪಾಯಿ, 10 ಇಂಚಿಗೆ 320 ಅಂತ ಇದೆ ಅಂದುಕೊಳ್ಳಿ. ಚಿಕ್ಕದು ಎರಡು ತೆಗೆದುಕೊಂಡರೆ 360 ಕೊಟ್ಟು ಕಡಿಮೆ ತಿಂದ ಹಾಗಾಯಿತು. ಮೇಲಾಗಿ ಚಿಕ್ಕ ಪಿಜ್ಜಾದಲ್ಲಿ ಬರೀ ಅಂಚೇ ಜಾಸ್ತಿ.

ಇನ್ನು ಒಬ್ಬರಿಗೆ ಎಷ್ಟು? ನಾನು ಹಾಕುವ ಲೆಕ್ಕ ಹೇಳುತ್ತೇನೆ. ಇಲ್ಲಿನ ಅಂಕಿ ರೂಪಾಯಿ ಅಲ್ಲ, ಮೇಲೆ ಇಂಚನ್ನು ಗುಣಿಸಿ ತೆಗೆದ ಅಂಕಿಯೇ. ದಪ್ಪ ರೊಟ್ಟಿ, ತುಂಬ ಚೀಸ್ ಇರುವ ಪಿಜ್ಜಾ ಆದರೆ ದೊಡ್ಡವರಿಗೆ ತಲಾ 50. ತೆಳು ರೊಟ್ಟಿಯಾದರೆ ತಲಾ 70ರಿಂದ 80. ಎಂಟು ಹತ್ತು ವರ್ಷದ ಮಗುವಿಗೆ ಅದರ ಅರ್ಧ. ಮಧ್ಯೆ ಒಂದು ಸೂಪು, ಒಂದು ಪಾಸ್ತಾ ಇದ್ದರೆ ಒಟ್ಟು ಲೆಕ್ಕದಲ್ಲಿ ಕಾಲು ಭಾಗ ಇಳಿಸಿ. ಅಪ್ಪ, ಅಮ್ಮ, ನೀವಿಬ್ಬರು, ಒಂದು ಮಗು: ತೆಳು ರೊಟ್ಟಿ ಅಂದರೆ ಸುಮಾರು 320, ಒಂದು ಸೂಪು, ಒಂದು ಪಾಸ್ತಾ ಹೇಳಿದರೆ 240. ಹನ್ನೆರಡು ಇಂಚಿನದೊಂದು, ಹತ್ತಿಂಚಿನದೊಂದು ಸಾಕು. ಐದು ಜನ ಅಂತ ಐದು ಪಿಜ್ಜಾ ಹೇಳುವ ಕಥೆಯೇ ಇಲ್ಲ.

ಇಟಲಿಯಲ್ಲಿ ತಲೆಗೊಂದು ಪಿಜ್ಜಾ ತಿನ್ನುತ್ತಾರಂತಲ್ಲ ಅಂತ ಕೇಳುವವರಿದ್ದಾರೆ. ತಿನ್ನುತ್ತಾರೆ. ಅಲ್ಲಿನ ರೊಟ್ಟಿ ತೆಳು, ಮೇಲೆ ಹಾಕುವುದೂ ಕಡಿಮೆ. ನಮ್ಮ ಕಡೆ ಚೀಸ್ ಸುರಿದರೇನೇ ಗಿರಾಕಿಗೆ ಸಮಾಧಾನ. ಹಾಗಾಗಿ ಆ ಲೆಕ್ಕ ಇಲ್ಲಿಗೆ ತರಬೇಡಿ.

3. ಮೆನು ಓದುವುದು

ಹೆಸರುಗಳು ಹೆದರಿಸುತ್ತವೆ, ಒಳಗಿರೋದು ಬಹುಪಾಲು ಪರಿಚಯದ ಸಾಮಾನೇ.

ಮಾರ್ಗರೀಟಾ: ಟೊಮೆಟೊ ಸಾಸ್, ಮೊಜರೆಲ್ಲಾ ಚೀಸ್, ಬೇಸಿಲ್ ಎಲೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿ. 1889ರಲ್ಲಿ ನೇಪಲ್ಸ್‌ಗೆ ಬಂದ ರಾಣಿ ಮಾರ್ಗರೀಟಾಳಿಗಾಗಿ ರಫಾಯೆಲ್ಲೆ ಎಸ್ಪೊಸಿಟೊ ಎಂಬಾತ ಇಟಲಿ ಬಾವುಟದ ಕೆಂಪು, ಬಿಳಿ, ಹಸಿರು ಬರುವ ಹಾಗೆ ಇದನ್ನು ಮಾಡಿದ ಅನ್ನುವುದು ಎಲ್ಲರೂ ಹೇಳುವ ಕಥೆ. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಕಥೆ ಹೇಗೇ ಇರಲಿ, ಹೊಸ ಹೋಟೆಲಿಗೆ ಹೋದರೆ ಮೊದಲು ಇದನ್ನೇ ಹೇಳಿ. ಹೋಟೆಲಿನ ಕೈ ನೋಡಲು ಮೊದಲು ಇಡ್ಲಿ ತಿನ್ನುವ ಹಾಗೆ. ಹಿಟ್ಟು, ಸಾಸ್, ಚೀಸ್ ಮೂರೂ ಬೆತ್ತಲೆಯಾಗಿ ಕಾಣುತ್ತವೆ, ಮುಚ್ಚಿಡಲು ಬೇರೇನೂ ಇರುವುದಿಲ್ಲ.

ಮಾರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ಚೀಸ್ ಇಲ್ಲ. ಹೆಸರು ಕೇಳಿ ಮೀನು ಇದೆ ಅಂದುಕೊಳ್ಳುತ್ತಾರೆ, ನೇಪಲ್ಸ್‌ನ ಮಾರಿನಾರಾ ಪಿಜ್ಜಾದಲ್ಲಿ ಮೀನಿಲ್ಲ. ಹಾಲಿನ ಪದಾರ್ಥ ಆಗದವರಿಗೆ, ಚೀಸ್ ತಿಂದರೆ ಹೊಟ್ಟೆ ಭಾರವಾಗುವ ಹಿರಿಯರಿಗೆ ಇದು ಒಳ್ಳೆಯದು. ಒರೆಗಾನೊ ವಾಸನೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನಿಸಿದರೆ ಹಿತ್ತಲಿಗೆ ಹೋಗಿ ದೊಡ್ಡಪತ್ರೆ ಎಲೆ ಕಿವುಚಿ ನೋಡಿ. ಗಿಡ ಬೇರೆ, ವಾಸನೆ ಕೊಡುವ ಎಣ್ಣೆಯ ಅಂಶ ಹೆಚ್ಚುಕಮ್ಮಿ ಒಂದೇ.

ಫುಂಗಿ ಅಂದರೆ ಅಣಬೆ. ಬಿಯಾಂಕಾ ಅಂದರೆ ಬಿಳಿ, ಅಂದರೆ ಟೊಮೆಟೊ ಸಾಸ್ ಇಲ್ಲದ ಪಿಜ್ಜಾ. ಕ್ವಾತ್ರೊ ಫೊರ್ಮಾಜ್ಜಿ ಅಂದರೆ ನಾಲ್ಕು ಚೀಸ್. ಆ ನಾಲ್ಕರಲ್ಲಿ ಒಂದು ನೀಲಿ ಬೂಸ್ಟು ಬರಿಸಿದ ಚೀಸ್ ಆಗಿರಬಹುದು, ಅದರ ವಾಸನೆಗೆ ಅಭ್ಯಾಸ ಬೇಕು. ಮೊದಲ ಸಲ ಹಿರಿಯರನ್ನು ಕರೆದೊಯ್ದಾಗ ಇದರ ತಂಟೆಗೆ ಹೋಗಬೇಡಿ. ಕಲ್ಜೋನೆ ಅಂದರೆ ಪಿಜ್ಜಾವನ್ನು ಮಡಚಿ ಅಂಚು ಒತ್ತಿ ಬೇಯಿಸಿದ್ದು. ನೋಡಲು ದೊಡ್ಡ ಕರ್ಜಿಕಾಯಿ. ಕೊಯ್ದ ಕೂಡಲೇ ಒಳಗಿನ ಹಬೆ ಮುಖಕ್ಕೆ ಹೊಡೆಯುತ್ತದೆ, ಮಕ್ಕಳ ಕೈಗೆ ಚಾಕು ಕೊಡಬೇಡಿ.

ಪೆಪರೋನಿ: ಇಲ್ಲಿ ಹುಷಾರು. ಇದು ಮಾಂಸದ ಸಾಸೇಜಿನ ಬಿಲ್ಲೆ, ಮೂಲದಲ್ಲಿ ಹಂದಿ ಅಥವಾ ದನದ ಮಾಂಸ. ನಮ್ಮ ದೇಶದಲ್ಲಿ ಕೋಳಿಯದ್ದೂ ಸಿಗುತ್ತದೆ. ತಮಾಷೆ ಅಂದರೆ ಇಟಲಿ ಭಾಷೆಯಲ್ಲಿ ಪೆಪೆರೋನಿ ಅಂದರೆ ದೊಣ್ಣೆ ಮೆಣಸಿನಕಾಯಿ. ಹಾಗಾಗಿ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಪಕ್ಕದ ಗುರುತು ನೋಡಿ, ಬಾಯಿಬಿಟ್ಟು ಕೇಳಿ.

ಪಾಸ್ತಾದಲ್ಲಿ ನಾಲ್ಕು ಹೆಸರು ಗೊತ್ತಿದ್ದರೆ ಸಾಕು. ಅರಬ್ಬಿಯಾತಾ ಅಂದರೆ ಸಿಟ್ಟಿನದು, ಮೆಣಸಿನಕಾಯಿ ಹಾಕಿದ ಟೊಮೆಟೊ ಸಾಸ್. ನಮ್ಮವರಿಗೆ ಬೇಗ ಒಗ್ಗುವುದು ಇದೇ. ಆಲ್ಯೊ ಎ ಓಲ್ಯೊ ಅಂದರೆ ಬೆಳ್ಳುಳ್ಳಿ ಮತ್ತು ಎಣ್ಣೆ. ಹೆಚ್ಚುಕಮ್ಮಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಶಾವಿಗೆ. ಆಲ್ಫ್ರೆಡೊ ಬೆಣ್ಣೆ, ಕೆನೆ, ಚೀಸಿನ ಬಿಳಿ ಸಾಸ್. ಮಕ್ಕಳಿಗೆ ಇಷ್ಟ, ದೊಡ್ಡವರಿಗೆ ನಾಲ್ಕನೇ ತುತ್ತಿಗೆ ಸಾಕಾಗುತ್ತದೆ. ಪೆಸ್ಟೊ ಅಂದರೆ ಬೇಸಿಲ್, ಬೆಳ್ಳುಳ್ಳಿ, ಒಂದು ಬಗೆಯ ಬೀಜ, ಚೀಸ್, ಆಲಿವ್ ಎಣ್ಣೆ ಸೇರಿಸಿ ಅರೆದ ಹಸಿರು ಚಟ್ನಿ.

ಪಾಸ್ತಾ ಬಂದಾಗ ಬೆಂದಿಲ್ಲ ಅಂತ ವಾಪಸ್ ಕಳಿಸುವ ಮುಂಚೆ ಒಂದು ಮಾತು. ಅದನ್ನು ಗಟ್ಟಿ ಗೋಧಿಯ ರವೆಯಿಂದ ಮಾಡುತ್ತಾರೆ, ನಮ್ಮ ಬನ್ಸಿ ರವೆಯ ಜಾತಿ. ಕಚ್ಚಿದರೆ ಹಲ್ಲಿಗೆ ಸ್ವಲ್ಪ ತಡೆಯಬೇಕು, ಅದೇ ಹದ. ಆ ಹದಕ್ಕೆ ಅಲ್ ದೆಂತೆ ಅನ್ನುತ್ತಾರೆ. ಅಜ್ಜನ ಹಲ್ಲಿಗೆ ಅದು ಆಗದಿದ್ದರೆ ಹೇಳುವಾಗಲೇ 'ಎರಡು ನಿಮಿಷ ಜಾಸ್ತಿ ಬೇಯಿಸಿ' ಅನ್ನಿ. ಬೇಯಿಸಿಕೊಡುತ್ತಾರೆ.

4. ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆಗಳು

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೇ ಮುಖ್ಯ ವಿಷಯ, ಆದರೆ ಹೋಟೆಲಿನಲ್ಲಿ ಕೇಳಲು ಸಂಕೋಚ. ಸಂಕೋಚ ಬಿಡಿ. ತಿಂದ ಮೇಲೆ ಗೊತ್ತಾದರೆ ಅಮ್ಮನಿಗೆ ಆಗುವ ಬೇಜಾರು ದೊಡ್ಡದು.

ಚೀಸ್ ಹಾಲಿನದ್ದೇ, ನಿಜ. ಆದರೆ ಹಾಲು ಒಡೆಯಲು ಹಾಕುವ ಹೆಪ್ಪಿನ ವಸ್ತುವಿಗೆ ರೆನೆಟ್ ಅನ್ನುತ್ತಾರೆ. ಹಳೆ ಪದ್ಧತಿಯಲ್ಲಿ ಇದನ್ನು ಕರುವಿನ ಹೊಟ್ಟೆಯ ಒಳಪದರದಿಂದ ತೆಗೆಯುತ್ತಾರೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್, ಅಂದರೆ ನಾವು ಪಾರ್ಮೆಸಾನ್ ಅನ್ನುವುದು, ಕರುವಿನ ರೆನೆಟ್ ಹಾಕಿಯೇ ಆಗಬೇಕು. ಅಲ್ಲಿನ ನಿಯಮವೇ ಹಾಗಿದೆ. ಗ್ರಾನಾ ಪದಾನೊ ಕೂಡ ಅದೇ ಸಾಲು. ನಮ್ಮ ದೇಶದಲ್ಲಿ ತಯಾರಾಗುವ ಮೊಜರೆಲ್ಲಾಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ ಹಾಕುತ್ತಾರೆ, ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ಇರುತ್ತದೆ. ಹಾಗಾಗಿ ಪ್ರಶ್ನೆ ಹೀಗಿರಲಿ: 'ಮೇಲೆ ತುರಿದು ಹಾಕುವ ಚೀಸ್ ಯಾವುದು? ಪ್ಯಾಕೆಟ್ ತೋರಿಸ್ತೀರಾ?' ವೆಜ್ಜಾ ಅಂತ ಮಾತ್ರ ಕೇಳಿದರೆ 'ಹೌದು ಸಾರ್, ಚೀಸ್ ವೆಜ್ಜೇ' ಅಂತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರಿಗೂ ಈ ವಿಷಯ ಗೊತ್ತಿರುವುದಿಲ್ಲ. ಪೆಸ್ಟೊದಲ್ಲೂ ಪಾರ್ಮೆಸಾನ್ ಇರಬಹುದು, ನೆನಪಿಡಿ.

ಅದರ ಜೊತೆಗೆ ಅಡಗಿ ಕೂರುವ ಇನ್ನೂ ಕೆಲವು ಇವೆ. ಸೀಸರ್ ಸಲಾಡಿನ ಸಾಸಿನಲ್ಲಿ ಆಂಚೊವಿ ಎಂಬ ಚಿಕ್ಕ ಮೀನು, ಹಸಿ ಮೊಟ್ಟೆ ಇರಬಹುದು. ಸೂಪು ಮತ್ತು ರಿಸೊಟ್ಟೊಗೆ ಕೋಳಿ ಕುದಿಸಿದ ನೀರು ಹಾಕಿರಬಹುದು. ರಿಸೊಟ್ಟೊ ಅಂದರೆ ಪೊಂಗಲ್ ಹದಕ್ಕೆ ಬೇಯಿಸಿದ ಅನ್ನ. ಹೊಸದಾಗಿ ಮಾಡಿದರೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಐದು ನಿಮಿಷಕ್ಕೆ ಬಂದರೆ ಮೊದಲೇ ಬೇಯಿಸಿಟ್ಟದ್ದು ಅಂತಲೇ ಲೆಕ್ಕ. ಮನೆಯಲ್ಲೇ ಮಾಡಿದ ಪಾಸ್ತಾ ಅಂತ ಹೆಮ್ಮೆಯಿಂದ ಬರೆದಿದ್ದರೆ ಅದರಲ್ಲಿ ಮೊಟ್ಟೆ ಇರುವ ಸಂಭವ ಜಾಸ್ತಿ. ಸಿಹಿಯಲ್ಲಿ ತಿರಾಮಿಸು ಅಂದರೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕೆನೆ ಚೀಸ್, ಮೂಲದಲ್ಲಿ ಹಸಿ ಮೊಟ್ಟೆ, ಕೆಲವರು ಮದ್ಯವನ್ನೂ ಹಾಕುತ್ತಾರೆ. ಪನ್ನಾ ಕೋಟಾ ಗಟ್ಟಿಯಾಗುವುದು ಜೆಲಾಟಿನ್‌ನಿಂದ, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವ ವಸ್ತು. ಅಗರ್ ಅಗರ್ ಎಂಬ ಕಡಲ ಪಾಚಿಯಿಂದ ಮಾಡುವವರೂ ಇದ್ದಾರೆ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಕಷ್ಟ ಸ್ವಲ್ಪ ಹೆಚ್ಚು. ಮೇಲಿನ ಈರುಳ್ಳಿ ತೆಗೆಸಬಹುದು. ಬೆಳ್ಳುಳ್ಳಿ ಸಾಸಿನೊಳಗೇ ಕುದ್ದಿರುತ್ತದೆ. ಸಾಸ್ ಹಾಕದೆ, ಹೆಚ್ಚಿದ ಟೊಮೆಟೊ, ಚೀಸ್, ಬೇಸಿಲ್ ಮಾತ್ರ ಹಾಕಿ ಮಾಡಿಕೊಡಿ ಅನ್ನಿ. ಫೋನಿನಲ್ಲೇ ಹೇಳಿಟ್ಟರೆ ಇನ್ನೂ ಒಳ್ಳೆಯದು.

ಕೊನೆಗೆ ಮಡಿಯ ವಿಷಯ. ಮಾಂಸವನ್ನೂ ಮಾಡುವ ಚಿಕ್ಕ ಹೋಟೆಲಿನಲ್ಲಿ ಒಲೆ ಒಂದೇ ಇರುತ್ತದೆ. ಪಿಜ್ಜಾ ಕೊಯ್ಯುವ ಚಕ್ರದ ಚಾಕೂ ಕೆಲವು ಸಲ ಒಂದೇ. 'ನಮ್ಮದನ್ನು ಕೊಯ್ಯಬೇಡಿ, ಹಾಗೇ ತನ್ನಿ, ಒಂದು ತೊಳೆದ ಚಾಕು ಕೊಡಿ' ಅಂದರೆ ಅರ್ಧ ಸಮಸ್ಯೆ ಮುಗಿಯಿತು. ಅಷ್ಟಕ್ಕೂ ಮನಸ್ಸು ಒಪ್ಪದವರನ್ನು ಕರೆದುಕೊಂಡು ಹೋಗುವುದಾದರೆ ಪೂರ್ತಿ ಸಸ್ಯಾಹಾರಿ ಹೋಟೆಲನ್ನೇ ಹುಡುಕಿ. ಸುಮ್ನೆ ಒತ್ತಾಯ ಮಾಡಿ ಕೂರಿಸಬೇಡಿ.

5. ಹೇಳುವ ಕ್ರಮ

ಈಗ ರೊಟ್ಟಿಯ ಮಾತಿಗೆ ಬರೋಣ. ಸಾಮಾನ್ಯವಾಗಿ ಏನಾಗುತ್ತದೆ? ಎಲ್ಲರೂ ಮೆನು ಹಿಡಿದು ತಲೆಗೊಂದು ಹೇಳುತ್ತಾರೆ. ಚಿಕ್ಕ ಒಲೆಯಲ್ಲಿ ಒಮ್ಮೆಗೆ ಎರಡೋ ಮೂರೋ ಹಿಡಿಯುತ್ತವೆ. ಒಬ್ಬರದು ಬರುತ್ತದೆ, ಉಳಿದವರು ನೋಡುತ್ತಾ ಕೂರುತ್ತಾರೆ. ಮರ್ಯಾದೆಗೆ ಪಿಜ್ಜಾ ಬಂದವರೂ ತಿನ್ನದೆ ಕಾಯುತ್ತಾರೆ. ಎಲ್ಲ ಬರುವ ಹೊತ್ತಿಗೆ ಮೊದಲನೆಯದು ಚಕ್ಕಳ.

ಹಾಗೆ ಮಾಡಬೇಡಿ. ಮೊದಲು ಒಂದು ಮಾರ್ಗರೀಟಾ ಮತ್ತು ಒಂದು ಸೂಪೋ ಬ್ರುಸ್ಕೆಟ್ಟಾವೋ ಹೇಳಿ. ಬ್ರುಸ್ಕೆಟ್ಟಾ ಅಂದರೆ ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ತಿಕ್ಕಿ ಮೇಲೆ ಟೊಮೆಟೊ ಹಾಕಿದ್ದು. ಮಾರ್ಗರೀಟಾ ಮೇಜಿಗೆ ಬಂದ ತಕ್ಷಣ ಎರಡನೇ ಪಿಜ್ಜಾ ಹೇಳಿ. ಮೊದಲನೆಯದು ಮುಗಿಯುವ ಹೊತ್ತಿಗೆ ಅದು ಬಿಸಿಬಿಸಿ ಬಂದಿರುತ್ತದೆ. ಅದನ್ನು ತಿನ್ನುವಾಗ ಹೊಟ್ಟೆ ಕೇಳಿದರೆ ಮೂರನೆಯದು, ಇಲ್ಲದಿದ್ದರೆ ಇಲ್ಲ. ಸಪ್ಲೈಯರ್‌ಗೆ ಮೊದಲೇ ಹೇಳಿಬಿಡಿ: 'ನಾವು ಒಂದೊಂದಾಗಿ ಹೇಳ್ತೀವಿ, ಎಲ್ಲ ಹಂಚಿಕೊಂಡು ತಿಂತೀವಿ, ಐದು ಖಾಲಿ ತಟ್ಟೆ ಕೊಡಿ.' ಬೈಟು ಕಾಫಿ ಕುಡಿಯುವ ಊರಿನವರು ನಾವು, ಹಂಚಿಕೊಳ್ಳೋದಕ್ಕೆ ನಾಚಿಕೆ ಏನು?

ಪಾಸ್ತಾ ಹೇಳುವುದಾದರೆ ಎರಡನೇ ಸುತ್ತಿಗೆ ಇಡಿ, ಆದರೆ ಪಿಜ್ಜಾದ ಜೊತೆಗೇ ಬರದ ಹಾಗೆ ನೋಡಿಕೊಳ್ಳಿ. ಎರಡೂ ಕಾಯುವ ಜಾತಿಯವಲ್ಲ. ಪಾಸ್ತಾ ಐದು ನಿಮಿಷ ತಟ್ಟೆಯಲ್ಲಿ ಕೂತರೆ ಸಾಸ್ ಹೀರಿಕೊಂಡು ಮುದ್ದೆಯಾಗುತ್ತದೆ.

ಮೇಲೆ ಹಾಕುವ ತರಕಾರಿ ವಿಷಯದಲ್ಲಿ ಆಸೆ ಬೇಡ. ದುಡ್ಡು ಕೊಟ್ಟಿದ್ದೇವೆ ಅಂತ ಅಣಬೆ, ಜೋಳ, ಪನೀರ್, ಈರುಳ್ಳಿ, ದೊಣ್ಣೆ ಮೆಣಸು ಎಲ್ಲ ಹಾಕಿಸಿದರೆ ಅವು ಬಿಟ್ಟ ನೀರಿನಲ್ಲಿ ರೊಟ್ಟಿಯ ನಡು ಬೇಯುವುದೇ ಇಲ್ಲ. ಎರಡು, ಹೆಚ್ಚೆಂದರೆ ಮೂರು. ಇಬ್ಬರ ರುಚಿ ಬೇರೆ ಇದ್ದರೆ ಅರ್ಧ ಒಂದು, ಅರ್ಧ ಇನ್ನೊಂದು ಮಾಡಿಕೊಡುತ್ತೀರಾ ಅಂತ ಕೇಳಿ. ಹತ್ತಿಂಚಿಗಿಂತ ದೊಡ್ಡದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ. ಸಸ್ಯಾಹಾರ, ಮಾಂಸಾಹಾರ ಒಂದೇ ಪಿಜ್ಜಾದಲ್ಲಿ ಅರ್ಧರ್ಧ ಮಾಡಿಸುವ ಬುದ್ಧಿವಂತಿಕೆ ಮಾತ್ರ ಬೇಡ. ಒಲೆಯಲ್ಲಿ ಎಣ್ಣೆ ಗಡಿ ನೋಡಿಕೊಂಡು ಹರಿಯುವುದಿಲ್ಲ.

6. ತಟ್ಟೆಗೆ ಬಂದ ಮೇಲೆ

ಮೊದಲು ಒಂದು ನಿಮಿಷ ಬಿಡಿ. ಚೀಸ್ ಬಿಸಿ ಹಿಡಿದಿಡುತ್ತದೆ, ಮೇಲೆ ತಣ್ಣಗೆ ಕಂಡರೂ ಒಳಗೆ ಸುಡುತ್ತಿರುತ್ತದೆ. ಅಂಗುಳು ಸುಟ್ಟುಕೊಂಡರೆ ಮುಂದಿನ ಎರಡು ದಿನ ಸಾರನ್ನ ತಿನ್ನುವುದೂ ಕಷ್ಟ.

ಕೈಯಲ್ಲೇ ತಿನ್ನಿ. ತುಂಡಿನ ಚೂಪು ತುದಿ ಕೆಳಗೆ ಬಾಗಿದರೆ ಅಗಲದ ಅಂಚನ್ನು ಸ್ವಲ್ಪ ಮಡಚಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ಇಟಲಿಯ ಹೋಟೆಲುಗಳಲ್ಲಿ ಚಾಕು, ಫೋರ್ಕಿನಲ್ಲಿ ತಿನ್ನುವವರೂ ಇದ್ದಾರೆ, ಕೈಯಲ್ಲಿ ತಿನ್ನುವವರೂ ಇದ್ದಾರೆ. ನೇಪಲ್ಸ್‌ನ ಬೀದಿಯಲ್ಲಿ ಇಡೀ ಪಿಜ್ಜಾವನ್ನೇ ನಾಲ್ಕು ಮಡಿಕೆ ಮಾಡಿ ನಿಂತುಕೊಂಡು ತಿನ್ನುತ್ತಾರೆ. ಹಾಗಾಗಿ ಇದು ಸರಿ, ಅದು ತಪ್ಪು ಅಂತ ಯಾರೂ ಹೇಳುವ ಹಾಗಿಲ್ಲ. ಎಡಗೈಯಲ್ಲಿ ಫೋರ್ಕ್ ಹಿಡಿದು ಬಾಯಿಗಿಡುವುದು ಅಜ್ಜಿಗೆ ಸರಿಬರುವುದಿಲ್ಲ ಅಂದರೆ ಚಿಕ್ಕ ಚೂರು ಮಾಡಿ ಕೊಡಿ, ಬಲಗೈಯಲ್ಲಿ ತಿನ್ನಲಿ. ಎಂಜಲಿನ ವಿಷಯದಲ್ಲಿ ಒಂದು ಎಚ್ಚರ: ನಡುವಿನ ತಟ್ಟೆಯಿಂದ ತುಂಡನ್ನು ಮೊದಲು ತಮ್ಮ ತಟ್ಟೆಗೆ ಹಾಕಿಕೊಳ್ಳಲು ಮಕ್ಕಳಿಗೆ ಹೇಳಿಕೊಡಿ. ಕಚ್ಚಿದ ಕೈಯಲ್ಲೇ ಮತ್ತೆ ಎಳೆದರೆ ಹಿರಿಯರು ಏನೂ ಅನ್ನುವುದಿಲ್ಲ, ಸುಮ್ಮನೆ ತಿನ್ನುವುದು ನಿಲ್ಲಿಸುತ್ತಾರೆ.

ಕೆಚಪ್, ಚಿಲ್ಲಿ ಫ್ಲೇಕ್ಸ್ ಎರಡನ್ನೂ ಮೊದಲ ತುತ್ತು ಆದಮೇಲೆ ಮುಟ್ಟಿ. ಮೊದಲು ರೊಟ್ಟಿ ಹೇಗಿದೆ ಅಂತ ಗೊತ್ತಾಗಲಿ. ನನಗಂತೂ ಒಳ್ಳೆ ಟೊಮೆಟೊ ಸಾಸ್ ಇರುವ ಪಿಜ್ಜಾಕ್ಕೆ ಕೆಚಪ್ ಸುರಿಯುವುದು ಕಂಡರೆ ತಿಳಿಸಾರಿಗೆ ಸಕ್ಕರೆ ಹಾಕಿದ ಹಾಗೆ. ಆದರೆ ನಿಮ್ಮ ದುಡ್ಡು, ನಿಮ್ಮ ನಾಲಿಗೆ.

ಎರಡು ತಪ್ಪು ದೂರು ಬರುತ್ತವೆ. ಅಂಚಿನ ಕಪ್ಪು ಚುಕ್ಕಿ ನೋಡಿ ಸೀದುಹೋಗಿದೆ ಅನ್ನುತ್ತಾರೆ. ಬಿಸಿ ಒಲೆಯಲ್ಲಿ ಉಬ್ಬಿದ ಗುಳ್ಳೆಗಳು ಅವು, ಕೆಂಡದ ರೊಟ್ಟಿಯ ಮೇಲೂ ಇರುತ್ತವಲ್ಲ, ಅದೇ. ಅಡಿಯೆಲ್ಲ ಕಪ್ಪಾಗಿ ಕಹಿಯಾದರೆ ಮಾತ್ರ ಸೀದದ್ದು. ಇನ್ನೊಂದು, ನಡು ಮೆತ್ತಗಿದೆ, ಬೆಂದಿಲ್ಲ ಅನ್ನುವುದು. ನೇಪಲ್ಸ್ ಪದ್ಧತಿಯದು ನಡುವೆ ಮೆತ್ತಗೇ ಇರುತ್ತದೆ. ಹಸಿ ಹಿಟ್ಟಿನ ವಾಸನೆ ಬಂದರೆ, ಹಲ್ಲಿಗೆ ಅಂಟಿದರೆ ಆಗ ವಾಪಸ್ ಕಳಿಸಿ. ಧಾರಾಳವಾಗಿ ಕಳಿಸಿ, ಆದರೆ ಒಂದು ತುಂಡು ತಿಂದಾಗಲೇ. ಮುಕ್ಕಾಲು ಮುಗಿಸಿ ದೂರು ಹೇಳಿದರೆ ಯಾರು ಕೇಳುತ್ತಾರೆ?

7. ಬಿಲ್ಲು

ಬಿಲ್ಲಿನಲ್ಲಿ ಮೂರು ಕಡೆ ಕಣ್ಣಾಡಿಸಿ.

ಜಿಎಸ್‌ಟಿ: ಇಂಥ ಹೋಟೆಲಿಗೆ ಶೇಕಡಾ 5. ಕೇಂದ್ರದ ಪಾಲು ಎರಡೂವರೆ, ರಾಜ್ಯದ ಪಾಲು ಎರಡೂವರೆ ಅಂತ ಎರಡು ಸಾಲಿನಲ್ಲಿ ಇರುತ್ತದೆ. ತುಂಬ ಚಿಕ್ಕ ಹೋಟೆಲುಗಳು ಕಾಂಪೋಸಿಷನ್ ಎಂಬ ಸರಳ ಪದ್ಧತಿಗೆ ಸೇರಿರುತ್ತವೆ. ಅವರು ತೆರಿಗೆಯನ್ನು ತಮ್ಮ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ. ಬಿಲ್ಲಿನ ಮೇಲೆ ಕಾಂಪೋಸಿಷನ್ ಅಂತ ಬರೆದು ಕೆಳಗೆ ಜಿಎಸ್‌ಟಿ ಸೇರಿಸಿದ್ದರೆ ವಿಚಾರಿಸಿ.

ಸರ್ವಿಸ್ ಚಾರ್ಜ್: ಇದು ತೆರಿಗೆ ಅಲ್ಲ. ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಡ ಅಂದರೆ ತೆಗೆಯಬೇಕು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಗಲ್ಲಾದ ಮುಂದೆ ಕೂಗಾಡುವ ಅಗತ್ಯವಿಲ್ಲ, 'ಇದು ಬೇಡ, ತೆಗೆದು ಇನ್ನೊಂದು ಬಿಲ್ ಕೊಡಿ' ಅಂದರೆ ಸಾಕು. ನಿಮ್ಮ ಪ್ರಶ್ನೆಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟ ಹುಡುಗನಿಗೆ ಟಿಪ್ಸ್ ಕೈಗೇ ಕೊಡಿ, ಅದು ಅವನಿಗೆ ತಲುಪುತ್ತದೆ.

ಇನ್ನು ನೀರು. ಕೂತ ಕೂಡಲೇ ಬಾಟಲಿ ತಂದು ಮುಚ್ಚಳ ತೆಗೆಯುವ ಅಭ್ಯಾಸ ಕೆಲವು ಕಡೆ ಇದೆ. ಬೇಡವಾದರೆ ತೆಗೆಯುವ ಮುಂಚೆಯೇ 'ಸಾದಾ ನೀರು ಕೊಡಿ' ಅನ್ನಿ.

8. ಉಳಿದದ್ದು ಮನೆಗೆ

ಉಳಿದರೆ ಕಟ್ಟಿಸಿಕೊಳ್ಳಿ, ಆದರೆ ಬಿಸಿ ಇರುವಾಗಲೇ ಡಬ್ಬ ಮುಚ್ಚಿಸಬೇಡಿ. ಒಳಗೆ ಹಬೆ ಕೂತು ರೊಟ್ಟಿ ಒದ್ದೆಯಾಗುತ್ತದೆ. ಮಳೆಗಾಲದಲ್ಲಂತೂ ಹೊರಗಿನ ತೇವವೂ ಸೇರಿಕೊಂಡು ಡಬ್ಬವೇ ಕುಗ್ಗುತ್ತದೆ. ಆರಿದ ಮೇಲೆ ಮುಚ್ಚಿಸಿ, ಮೇಲೊಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಹಾಕಿಸಿ. ಸ್ಕೂಟರಿನಲ್ಲಿ ಡಬ್ಬವನ್ನು ಅಡ್ಡ ನಿಲ್ಲಿಸಿದರೆ ಚೀಸ್ ಎಲ್ಲ ಒಂದು ಮೂಲೆಗೆ ಜಾರಿರುತ್ತದೆ, ಹಿಂದೆ ಕೂತವರ ತೊಡೆಯ ಮೇಲೆ ಚಪ್ಪಟೆಯಾಗಿ ಬರಲಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮಾರನೇ ದಿನವೇ ಮುಗಿಸಿ.

ಬಿಸಿ ಮಾಡಲು ಮೈಕ್ರೋವೇವ್ ಬೇಡ, ರೊಟ್ಟಿ ರಬ್ಬರ್ ಆಗುತ್ತದೆ. ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿಡಿ. ಎಣ್ಣೆ ಹಾಕದೆ ತುಂಡನ್ನು ಎರಡು ನಿಮಿಷ ಬಿಡಿ, ಅಡಿ ಗರಿಯಾಗುತ್ತದೆ. ಆಮೇಲೆ ಕಾವಲಿಯ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ತಕ್ಷಣ ಮುಚ್ಚಳ ಮುಚ್ಚಿ. ಆ ಹಬೆಗೆ ಒಂದೇ ನಿಮಿಷದಲ್ಲಿ ಚೀಸ್ ಕರಗುತ್ತದೆ. ಮುಚ್ಚಳ ತೆಗೆಯುವಾಗ ಅದರಲ್ಲಿ ಕೂತ ನೀರು ಪಿಜ್ಜಾದ ಮೇಲೆ ಬೀಳದ ಹಾಗೆ ಓರೆ ಮಾಡಿ ಎತ್ತಿ.